ಕೆಡಿಸಿದ್ದು ಸೂತಕವಲ್ಲ

ಸುಮಿತ್ರಕ್ಕನ ಕೀಬೋರ್ಡನ್ನು ಕೆಡಿಸಿದವಳು ನಾನು. ಅದು ತಾನಾಗಿ ಕೆಟ್ಟಿದ್ದಲ್ಲ, ಹಳೆಯದಾಗಿ ಕೆಟ್ಟಿದ್ದಲ್ಲ. ಅವರು ಇಷ್ಟು ವರ್ಷ ನಂಬಿಕೊಂಡು ಬಂದಿರುವ ಹಾಗೆ ಸೂತಕದ ಕೈ ತಾಕಿ ಕೆಟ್ಟಿದ್ದಂತೂ ಅಲ್ಲವೇ ಅಲ್ಲ. ನಮ್ಮ ಮನೆಯ ದೇವರ ಮುಂದೆ ಕೂತು, ಸೀರೆಯ ಸೆರಗಿಗೆ ಚುಚ್ಚಿಕೊಂಡಿದ್ದ ಪಿನ್ನನ್ನು ಬಿಚ್ಚಿ, ಅದರ ತುದಿಯಿಂದ — ನಾನೇ.

ಒಂದು ಕೀಬೋರ್ಡು ತಾನೇ, ಎಂದು ನೀವು ಅನ್ನಬಹುದು. ನಾನೂ ಹಾಗೆ ಅಂದುಕೊಂಡೇ ಇಷ್ಟು ವರ್ಷ ತಳ್ಳಿದೆ. ಈಗ ಆಗುತ್ತಿಲ್ಲ. ಸುಳ್ಳು ಹೇಳುವಾಗ ಅಷ್ಟೇನೂ ಕಷ್ಟವಾಗಲಿಲ್ಲ. ಹೇಳಿದ ಸುಳ್ಳನ್ನು ವರ್ಷಗಟ್ಟಲೆ ಸಾಕಿಕೊಂಡು ಬಂದದ್ದರಲ್ಲೇ ದಣಿದುಹೋದೆ. ಆದ್ದರಿಂದ ಹೇಳುತ್ತಿದ್ದೇನೆ, ಸಾಕಾಗಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಊರು ಬಿಟ್ಟು ಇಂಗ್ಲಿಷರ ನಾಡಿಗೆ ಬಂದು, ಕ್ರೋಯ್ಡನ್ನಿನ ಒಂದು ಫ್ಲಾಟಿನಲ್ಲಿದ್ದೆವು. ನನ್ನ ಗಂಡ ಫೆಲ್ಥಮ್‌ನಲ್ಲಿ, ವಿಮಾನಕ್ಕೆ ಸರಕು ಕಳಿಸುವ ಕಂಪನಿಯೊಂದರಲ್ಲಿದ್ದರು. ನಾನು ಆಸ್ಪತ್ರೆಯೊಂದರಲ್ಲಿ ಟೈಪಿಸ್ಟು. ಡಾಕ್ಟರುಗಳು ರೋಗಿಯನ್ನು ನೋಡಿ ಮುಗಿಸಿ ಸಣ್ಣ ಟೇಪ್‌ರೆಕಾರ್ಡರಿನೊಳಗೆ ಗೊಣಗುತ್ತಾರೆ. ನಾವು ಹೆಡ್‌ಫೋನು ಹಾಕಿಕೊಂಡು, ಟೇಪನ್ನು ಓಡಿಸಿ ನಿಲ್ಲಿಸುವ ಪೆಡಲನ್ನು ಕಾಲಿನಲ್ಲಿ ಒತ್ತುತ್ತ, ಆ ಗೊಣಗಾಟವನ್ನು ಜಿಪಿಗೆ, ಅಂದರೆ ರೋಗಿಯ ಮನೆ ಹತ್ತಿರದ ಡಾಕ್ಟರಿಗೆ, ಹೋಗುವ ಪತ್ರವಾಗಿ ಟೈಪು ಮಾಡಬೇಕು. ನೆಲಮಾಳಿಗೆಯ ಕೋಣೆ, ಎರಡು ಮೇಜು. ಒಂದು ನನ್ನದು, ಇನ್ನೊಂದು ಸುಮಿತ್ರಕ್ಕನದು. ಅವರು ಧಾರವಾಡದವರು, ನನಗಿಂತ ಬಹಳ ದೊಡ್ಡವರು, ಆಸ್ಪತ್ರೆಗೆ ಆಗಲೇ ಹಳಬರು. ನಾನು ಕೆಲಸಕ್ಕೆ ಸೇರಿದ ದಿನ, "ಜಯಂತಿ ಅಂತ ಹೆಸರು ನೋಡಿ ನಮ್ಮಾಕೀನ ಇರಬೇಕು ಅಂದ್ಕೊಂಡೆ. ಯಾವೂರವಾ?" ಎಂದು ಕೇಳಿದರು. ಮೈಸೂರು ಎಂದೆ. "ಹಂಗಾದ್ರ ಮಾತು ಮೆತ್ತಗ, ಕಾಫಿ ಗಟ್ಟಿ," ಎಂದು ನಕ್ಕು, ತಮ್ಮ ಡಬ್ಬಿಯಲ್ಲಿದ್ದ ಹಚ್ಚಿದ ಅವಲಕ್ಕಿಯಲ್ಲಿ ಅರ್ಧ ನನಗೆ ಸುರಿದರು.

ಅವರ ಕೀಬೋರ್ಡು ಆ ಕೋಣೆಯಲ್ಲಿ ಎಲ್ಲಕ್ಕಿಂತ ಹಳೆಯದು. ಮಾಸಲು ಬಿಳಿ ಬಣ್ಣ, ಟೆಲಿಫೋನಿಗೆ ಇರುವಂಥ ಸುರುಳಿ ವೈರು, ಎರಡೂ ಕೈ ಹಾಕಿ ಎತ್ತಬೇಕಾದ ಭಾರ. ಪ್ರತಿ ಕೀ ಕೆಳಗೂ ಒಂದೊಂದು ಸ್ಪ್ರಿಂಗು. ಬೆರಳು ಒತ್ತಿದರೆ ಒಂದು ಗಳಿಗೆ ಎದುರು ನಿಲ್ಲುತ್ತಿತ್ತು, ಆಮೇಲೆ ಟಕ್ ಎಂದು ಸೋಲುತ್ತಿತ್ತು. ಎರಡು ಸಾವಿರದ ಇಸವಿ ಬಂದರೆ ಹಳೆಯ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂಬ ಗಾಬರಿಯಲ್ಲಿ ಆಸ್ಪತ್ರೆಯವರು ಎಲ್ಲವನ್ನೂ ಬದಲಾಯಿಸಿದರು; ಹೊಸ ಕೀಬೋರ್ಡುಗಳು ಬಂದವು. ತೆಳ್ಳಗೆ, ಹಗುರವಾಗಿ, ಕಲಸಿಟ್ಟ ಹಿಟ್ಟಿಗೆ ಬೆರಳು ಒತ್ತಿದ ಹಾಗೆ. ಸುಮಿತ್ರಕ್ಕ ಹೊಸ ಕಂಪ್ಯೂಟರು ತೆಗೆದುಕೊಂಡರು, ಕೀಬೋರ್ಡು ಮಾತ್ರ ತಮ್ಮ ಹಳೆಯದೇ ಇರಲಿ ಎಂದರು. ಕಂಪ್ಯೂಟರು ವಿಭಾಗದವನು ಅದನ್ನು ಕೈಯಲ್ಲಿ ತೂಗಿ ನೋಡಿ, ಇಂಥವನ್ನು ಈಗ ಯಾರೂ ಮಾಡುವುದಿಲ್ಲ, ಇದು ನಮ್ಮನ್ನೆಲ್ಲ ಕಳಿಸಿಕೊಟ್ಟೇ ಹೋಗುವುದು, ಇಟ್ಟುಕೊಳ್ಳಿ ಎಂದ. ಅದರ ಜೊತೆಯವೆಲ್ಲ ಹಿತ್ತಲಿನ ಕಸದ ತೊಟ್ಟಿಗೆ ಹೋದವು.

ಅವರು ಹಟಕ್ಕೆ ಇಟ್ಟುಕೊಂಡದ್ದಲ್ಲ. ಇದು ನನಗೆ ಗೊತ್ತಿತ್ತು — ಆ ಆಸ್ಪತ್ರೆಯಲ್ಲಿ ನನಗೊಬ್ಬಳಿಗೇ. ಒಂದು ಮಧ್ಯಾಹ್ನ ಅವರು ಕುದಿಯುವ ಚಹಾದ ಮಗ್ಗನ್ನು, ಹಿಡಿಕೆ ಬಿಟ್ಟು, ಮೈಗೇ ಕೈ ಹಚ್ಚಿ ಹಿಡಿದುಕೊಂಡಿದ್ದರು. ನಾನು "ಅಕ್ಕಾ, ಸುಡ್ತಿಲ್ವಾ?" ಎಂದು ಗಾಬರಿಯಿಂದ ಕಿತ್ತುಕೊಂಡೆ. ಬೆರಳು ಕೆಂಪಾಗಿತ್ತು. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಸಕ್ಕರಿ ಬ್ಯಾನಿ ಬಂದು ಬೆರಳ ತುದಿ ಸತ್ತಾವ ನೋಡವಾ. ಕೀ ಒತ್ತಿದೆನೋ ಇಲ್ಲೋ ಬೆರಳಿಗೆ ತಿಳಿಯೂದಿಲ್ಲ. ಇದು ಟಕ್ ಅಂತದಲ್ಲ, ಕಿವಿಗೆ ತಿಳೀತದ. ಪಮೇಲಾಗ ಹೇಳಬ್ಯಾಡ. ಹೇಳಿದ್ರ ನನ್ನ ಮನೀಗೆ ಕಳಸ್ತಾಳ."

ಪಮೇಲಾ ಎಂದರೆ ನಮ್ಮ ಮೇಲಧಿಕಾರಿ. ಅಂದು ನನಗೆ ಅರ್ಥವಾಯಿತು, ಸುಮಿತ್ರಕ್ಕ ಯಾಕೆ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಳ್ಳುತ್ತಾರೆ ಎಂದು. ಒಂದು ಕಿವಿ ಡಾಕ್ಟರಿಗೆ, ಇನ್ನೊಂದು ಕೀಬೋರ್ಡಿಗೆ. ಯಾರಿಗೂ ಹೇಳುವುದಿಲ್ಲ ಎಂದು ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಆ ಮಾತನ್ನು ಉಳಿಸಿಕೊಂಡೆ ಕೂಡ, ಯಾರಿಗೂ ಹೇಳಲಿಲ್ಲ. ನಾನು ಮಾಡಿದ್ದು ಬೇರೆ.

ಯಾಕೆ ಮಾಡಿದೆ? ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ನಿಜವೇ. ಆದರೆ ನಿಜದ ತಿರುಳು ಇನ್ನೂ ಸಣ್ಣದು, ಇನ್ನೂ ನಾಚಿಕೆಯದು. ಪಮೇಲಾ ಒಮ್ಮೆ ಬಾಗಿಲಲ್ಲಿ ನಿಂತು ನಗುನಗುತ್ತ, ಸುಮಿತ್ರಾ ಕೆಲಸ ಮಾಡುತ್ತಿದ್ದಾಳೋ ಇಲ್ಲವೋ ಎಂದು ನಾನು ಒಳಗೆ ಬಂದು ನೋಡಬೇಕಾಗಿಯೇ ಇಲ್ಲ, ಕಾರಿಡಾರಿನ ಆ ತುದಿಗೇ ಕೇಳಿಸುತ್ತದೆ ಎಂದಳು. ಅಷ್ಟೇ. ನನ್ನ ಬಗ್ಗೆ ಒಂದಕ್ಷರ ಅನ್ನಲಿಲ್ಲ. ಆದರೆ ಆ ದಿನದಿಂದ ಅವರ ಟಕ್ ಟಕ್ ನನ್ನ ಕಿವಿಗೆ ಬೇರೆಯಾಗಿ ಕೇಳಿಸತೊಡಗಿತು. ಅವರು ದುಡಿಯುತ್ತಿರುವುದು ಮೂರು ಬಾಗಿಲಾಚೆಗೂ ಗೊತ್ತಾಗುತ್ತಿತ್ತು. ನಾನು ಅಷ್ಟೇ ಟೈಪು ಮಾಡಿದರೂ ನನ್ನ ಮೆತ್ತನೆಯ ಕೀಬೋರ್ಡಿಗೆ ಬಾಯಿಲ್ಲ. ಅಷ್ಟೇ ಮಾಡುತ್ತಿದ್ದೆನೇ? ಇಲ್ಲ, ಅದೂ ಸುಳ್ಳು. ಮಗಳು ಸಣ್ಣವಳು, ರೈಲಿನಲ್ಲಿ ನಿಂತು ಬಂದ ಕಾಲು, ಊರಿನಲ್ಲಿ ಅಮ್ಮನ ಕಾಯಿಲೆ... ಹೆಡ್‌ಫೋನು ಹಾಕಿಕೊಂಡು ಕೂತಲ್ಲೇ ತೂಕಡಿಸುತ್ತಿದ್ದೆ. ಅವರ ಸದ್ದು ನಿಲ್ಲದೆ ಬೀಳುತ್ತಿದ್ದರೆ ನನ್ನ ಮೌನ ಎಲ್ಲರಿಗೂ ಕೇಳಿಸುತ್ತಿದೆಯೇನೋ ಎಂಬ ಭಯ. ಹೊಟ್ಟೆಕಿಚ್ಚು ಎನ್ನಿ. ಅದೇ ಸರಿಯಾದ ಮಾತು.

ಸುಮಿತ್ರಕ್ಕನದೊಂದು ಪದ್ಧತಿ ಇತ್ತು. ನಾವು ಆಯುಧಪೂಜೆ ಎನ್ನುವುದನ್ನು ಅವರು ಖಂಡೇಪೂಜಿ ಎನ್ನುತ್ತಿದ್ದರು. ಪ್ರತಿ ವರ್ಷ ಆ ವಾರ ಕೆಲಸ ಮುಗಿದ ಮೇಲೆ ಕೀಬೋರ್ಡನ್ನು ಬಿಚ್ಚಿ, ವೈರು ಸುತ್ತಿ, ತರಕಾರಿ ತರುವ ಚೀಲಕ್ಕೆ ಹಾಕಿ ಮನೆಗೆ ಒಯ್ಯುತ್ತಿದ್ದರು. ಈಳಿಗೆ, ಕತ್ತರಿ, ಯಜಮಾನರ ಸ್ಪ್ಯಾನರುಗಳ ಜೊತೆ ಅದನ್ನೂ ದೇವರ ಮುಂದೆ ಇಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿ, ಸೋಮವಾರ ಮತ್ತೆ ತರುತ್ತಿದ್ದರು. ಮೂಲೆಯಲ್ಲಿ ಕೆಂಪು ಬೊಟ್ಟು ಮುಂದಿನ ವರ್ಷದವರೆಗೂ ಇರುತ್ತಿತ್ತು. ನೆಲ ಒರೆಸುವವಳು ಮೇಜನ್ನೆಲ್ಲ ಒರೆಸಿದರೂ ಆ ಬೊಟ್ಟನ್ನು ಮುಟ್ಟುತ್ತಿರಲಿಲ್ಲ.

ಹೊಸ ಶತಮಾನ ಬಂದ ಆ ವರ್ಷ ದಸರೆಯ ಹೊತ್ತಿಗೆ ಅವರ ಮೈದುನ ಧಾರವಾಡದಲ್ಲಿ ತೀರಿಕೊಂಡರು. ಅವರು ಎತ್ತಿ ಆಡಿಸಿದ್ದ ಮೈದುನ. ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ. ಕಣ್ಣು ಊದಿಸಿಕೊಂಡು ಕೆಲಸಕ್ಕೆ ಬಂದರು. "ಆಫೀಸಿಗೆ ಸೂತಕ ಇಲ್ಲವಾ, ದೇವರಿಗಷ್ಟ," ಎಂದರು. ಆ ಶುಕ್ರವಾರ ಸಂಜೆ, ಕೊನೆಯ ಪತ್ರ ಮುಗಿಸಿ, ಕೈ ಹಿಂದೆ ಕಟ್ಟಿಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನನಗ ಸೂತಕ ಅದ. ಖಂಡೇಪೂಜಿ ತಪ್ಪಬಾರದು, ಇದು ನನ್ನ ಅನ್ನ. ಈ ಸಲ ನಿಮ್ಮನ್ಯಾಗ ನೀನ ಮಾಡವಾ."

ಅವರೇ ಚೀಲ ತಂದಿದ್ದರು. ಕಂಪ್ಯೂಟರಿನಿಂದ ಕೀಬೋರ್ಡನ್ನು ಬಿಚ್ಚಿ ಅದಕ್ಕೆ ಹಾಕಿದವಳು ನಾನು. ಮನೆಗೆ ಒಯ್ದಾಗ ನನ್ನ ಗಂಡ ಚೀಲ ಎತ್ತಿ ನೋಡಿ, "ಏನಿದು, ರುಬ್ಬೋ ಕಲ್ಲು ತಂದ್ಯಾ?" ಎಂದು ನಕ್ಕರು.

ಪೂಜೆ ಮಾಡಿದೆ. ಇದನ್ನು ಹೇಳಲೇಬೇಕು. ಶಾಸ್ತ್ರೋಕ್ತವಾಗಿ, ಒಂದೂ ತಪ್ಪದಂತೆ ಮಾಡಿದೆ. ಚಾಕುಗಳಿಗೆ, ಹೊಲಿಗೆ ಯಂತ್ರಕ್ಕೆ, ಸುಮಿತ್ರಕ್ಕನ ಕೀಬೋರ್ಡಿಗೆ ಅರಿಶಿನ, ಕುಂಕುಮ. ಟೆಸ್ಕೋ ಅಂಗಡಿಯಿಂದ ತಂದ ಸೇವಂತಿಗೆ. ಗಂಡ ಮಗಳನ್ನೆತ್ತಿಕೊಂಡು ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಕೆಳಗೆ ಹೋದರು. ಮಂಗಳಾರತಿಯ ತಟ್ಟೆ ಇನ್ನೂ ಬೆಚ್ಚಗಿತ್ತು. ನಾನು ಆ ವೈರಿನ ತುದಿಯ ಪ್ಲಗ್ಗನ್ನು ಕೈಗೆ ತೆಗೆದುಕೊಂಡೆ. ಅದರೊಳಗೆ ಕೂದಲೆಳೆಯಂಥ ಪುಟ್ಟ ಕಡ್ಡಿಗಳು, ದುಂಡಗೆ ನಿಂತಿದ್ದವು. ಸೆರಗಿನ ಪಿನ್ನು ತೆಗೆದು ಒಂದಕ್ಕೆ ಆನಿಸಿ ಒತ್ತಿದೆ. ಅದು ಎಷ್ಟು ಸುಲಭವಾಗಿ ಬಾಗಿತು! ಅಷ್ಟು ಗಟ್ಟಿಯಾದ ವಸ್ತುವಿನಲ್ಲಿ ಅದೊಂದೇ ಮೆತ್ತನೆಯ ಜಾಗ. ನನ್ನ ಬುದ್ಧಿ ನೇರವಾಗಿ ಅಲ್ಲಿಗೇ ಹೋಯಿತು. ಆಮೇಲೆ ಎದ್ದು ಹೋಗಿ ಪಾಯಸಕ್ಕೆ ಏಲಕ್ಕಿ ಹಾಕಿದೆ.

ಸೋಮವಾರಕ್ಕೆಂದು ಒಂದು ಸುಳ್ಳನ್ನೂ ಹೊಂದಿಸಿಕೊಂಡಿದ್ದೆ. ವರ್ಷವರ್ಷದ ಕುಂಕುಮ ಒಳಗೆ ಇಳಿದು ಕೆಟ್ಟಿರಬೇಕು ಎನ್ನುವುದು. ಮೇಜಿನ ಹಿಂದೆ ಬಗ್ಗಿ ನಾನೇ ಪ್ಲಗ್ಗು ಸಿಕ್ಕಿಸಿದೆ. ಅದು ಸರಿಯಾಗಿ ಒಳಗೆ ಕೂರಲಿಲ್ಲ ಎಂಬುದು ನನಗೆ ಮಾತ್ರ ಕಾಣುತ್ತಿತ್ತು. ಸುಮಿತ್ರಕ್ಕ ಕುಂಕುಮ ಕಂಡು ಕೈಮುಗಿದು, ಕೂತು, ಒತ್ತಿದರು. ಟಕ್ ಎಂದಿತು. ಸದ್ದು ಬಂತು, ಪರದೆಯ ಮೇಲೆ ಅಕ್ಷರ ಬರಲಿಲ್ಲ. ಮತ್ತೆ ಒತ್ತಿದರು.

"ಯಾಕೋ ಬರ್ತಾ ಇಲ್ಲ ಅಕ್ಕಾ," ಎಂದೆ.

ನನ್ನ ಕುಂಕುಮದ ಸುಳ್ಳು ಬೇಕಾಗಲೇ ಇಲ್ಲ. ಅವರು ಎರಡೂ ಕೈಯನ್ನು ಕೀಬೋರ್ಡಿನಿಂದ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಶುಕ್ರವಾರ ಸಂಜಿತನಕ ನಾ ಇದನ್ನ ಬಡದೆ. ಸೂತಕದ ಕೈಲೇ ಬಡದು, ನಿನ್ನ ದೇವರ ಮುಂದ ಕಳಿಸಿಕೊಟ್ಟೆ. ಅದಕ್ಕ ಹಿಂಗಾತು."

ಇಲ್ಲ ಅಕ್ಕಾ ಎನ್ನಬಹುದಿತ್ತು. ಯಂತ್ರಕ್ಕೆ ಎಂಥ ಸೂತಕ ಎಂದಾದರೂ ಅನ್ನಬಹುದಿತ್ತು. ನಾನು — ಮೇಜಿನ ಹಿಂದೆ ಬಗ್ಗಿ ಪ್ಲಗ್ಗು ಕಿತ್ತೆ. ಆಮೇಲೆ ಕಂಪ್ಯೂಟರಿನವನಿಗೆ ತೋರಿಸುತ್ತೇನೆ ಎಂದು ಕೀಬೋರ್ಡನ್ನು ಎತ್ತಿಕೊಂಡು ಹೋಗಿ, ತೋರಿಸದೆ, ಅದೇ ಚೀಲದಲ್ಲಿ ಮನೆಗೆ ತಂದು ಬೀರುವಿನ ಹಿಂದೆ ಇಟ್ಟೆ. ಅವನ ಕೈಲಿ ಆಗಲ್ಲವಂತೆ ಎಂದು ಹೇಳಿದೆ. ಅಂಥದೇ ಇನ್ನೊಂದು ಸಿಗುತ್ತದೇನೋ ಎಂದು ಅವರು ವಿಚಾರಿಸಿದರು. ಕಸದ ತೊಟ್ಟಿ ಯಾವತ್ತೋ ಖಾಲಿಯಾಗಿತ್ತು.

ಮೆತ್ತನೆಯ ಕೀಬೋರ್ಡಿನ ಮುಂದೆ ಸುಮಿತ್ರಕ್ಕ ಕುರುಡರಾದರು. ಒತ್ತಿದ್ದು ತಿಳಿಯದೆ ಮತ್ತೆ ಒತ್ತುವುದು, ಒತ್ತಿದೆ ಎಂದುಕೊಂಡು ಮುಂದೆ ಹೋಗುವುದು. ಹೆಡ್‌ಫೋನನ್ನು ಪೂರ್ತಿ ತೆಗೆದು, ಪ್ರತಿ ಅಕ್ಷರಕ್ಕೂ ಪರದೆ ನೋಡುತ್ತ, ಊಟ ಬಿಟ್ಟು, ನಾನು ಹೊರಟ ಮೇಲೂ ಕೂತಿರುತ್ತಿದ್ದರು. ನನಗೆ ಎಲ್ಲವೂ ಕಾಣುತ್ತಿತ್ತು. ಆ ಕಡ್ಡಿಯನ್ನು ನೆಟ್ಟಗೆ ಮಾಡುವುದು ಒಂದು ಗಳಿಗೆಯ ಕೆಲಸ; ಅದೂ ಗೊತ್ತಿತ್ತು. ನಾಳೆ ತಂದುಕೊಡುತ್ತೇನೆ, ರಿಪೇರಿ ಮಾಡಿಸಿದೆ ಎನ್ನುತ್ತೇನೆ ಎಂದುಕೊಳ್ಳುತ್ತಿದ್ದೆ. ನಾಳೆ ಬಂದರೆ, ಇಷ್ಟು ದಿನ ಎಲ್ಲಿತ್ತು ಎಂದು ಕೇಳಿಬಿಟ್ಟರೆ... ಹೀಗೇ ದಿನ ಹೋದವು.

ಒಂದು ಪತ್ರದಲ್ಲಿ ಮಾತ್ರೆಯ ಪ್ರಮಾಣಕ್ಕೆ ಒಂದು ಸೊನ್ನೆ ಹೆಚ್ಚಾಯಿತು. ಸಹಿ ಹಾಕುವ ಡಾಕ್ಟರು ನೋಡಿಬಿಟ್ಟರು, ಪತ್ರ ಹೊರಗೆ ಹೋಗಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಪಮೇಲಾ ಸುಮಿತ್ರಕ್ಕನನ್ನು ಕರೆಸಿ ಮೆಲ್ಲಗೆ ಮಾತಾಡಿದಳಂತೆ, ಬೈಯಲಿಲ್ಲವಂತೆ. ಸುಮಿತ್ರಕ್ಕ ಬೆರಳಿನ ವಿಷಯ ಹೇಳಲಿಲ್ಲ. ಕೋಣೆಗೆ ಬಂದು ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು. "ಒಬ್ಬರ ಜೀವದ ಜೋಡಿ ಆಟ ಬ್ಯಾಡವಾ. ಬಿಡ್ತೀನಿ," ಎಂದರು. ಕ್ರಿಸ್‌ಮಸ್ಸಿಗೆ ಮೊದಲೇ ಬಿಟ್ಟರು. ಹೋಗುವ ದಿನ ನನಗೆ ಶೇಂಗಾ ಹೋಳಿಗೆ ಮಾಡಿಕೊಂಡು ಬಂದಿದ್ದರು.

ಕೋಣೆ ಶಾಂತವಾಯಿತು. ಅದೇ ಬೇಕಾಗಿತ್ತಲ್ಲ ನನಗೆ. ಪಮೇಲಾ ಒಮ್ಮೆ ಇಣುಕಿ, ಎಷ್ಟು ಬಿಕೋ ಎನ್ನುತ್ತಿದೆ ಎಂದು ಹೇಳಿ, ನಾನು ಒಳಗಿದ್ದೇನೋ ಇಲ್ಲವೋ ನೋಡಿಕೊಂಡು ಹೋದಳು. ಆಮೇಲೆ ದಿನವೂ ಹಾಗೆ ಇಣುಕುತ್ತಿದ್ದಳು.

ಕೆಲವು ವರ್ಷದ ಮೇಲೆ ಸುಮಿತ್ರಕ್ಕ ಮತ್ತು ಅವರ ಯಜಮಾನರು ಮಗಳು ವಿದ್ಯಾಳ ಜೊತೆ ಇರಲು ಕಿಂಗ್ಸ್‌ಬರಿಗೆ ಹೋದರು. ನನ್ನನ್ನು ಮಾತ್ರ ಬಿಡಲಿಲ್ಲ. ಫೋನು, ಹಬ್ಬಕ್ಕೆ ಕರೆ, ನನ್ನಮ್ಮ ತೀರಿಕೊಂಡಾಗ ರೈಲು ಹಿಡಿದು ಬಂದು ನಮ್ಮನೆಯಲ್ಲಿ ಅಡುಗೆ. ಪ್ರತಿ ದಸರೆಗೂ ಒಂದು ಮಾತು ತಪ್ಪುತ್ತಿರಲಿಲ್ಲ: "ನನ್ನ ಸಲುವಾಗಿ ನಿಮ್ಮನಿ ಪೂಜಿ ಕೆಡತು ನೋಡು ಜಯಂತಿ. ಮನಸಿನ್ಯಾಗ ಇಟ್ಕೋಬ್ಯಾಡ." ಅವರು ನನ್ನ ಕ್ಷಮೆ ಕೇಳುತ್ತಿದ್ದರು! ಬಿಡಿ ಅಕ್ಕಾ, ಹಳೇ ಮಾತು ಎಂದು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಿದ್ದೆ. ಅವರ ಅಳಿಯ ಕಾರಿಗೆ ಪೂಜೆ ಮಾಡುವಾಗ ಅವರು ಅಡುಗೆಮನೆಯ ಬಾಗಿಲಲ್ಲೇ ನಿಲ್ಲುತ್ತಿದ್ದರು. ಮುಂದೆ ಬಂದು ಏನನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕೆ ಕಾರಣ ನಾನು ಎಂದು ಗೊತ್ತಿದ್ದೂ ತಟ್ಟೆಯ ಮುಂದೆ ಕೂತು ಉಣ್ಣುತ್ತಿದ್ದೆ.

ಹೋದ ಬೇಸಗೆಯಲ್ಲಿ ಫ್ಲಾಟು ಬದಲಾಯಿಸುವಾಗ ಬೀರು ಸರಿಸಿದೆವು. ಚೀಲ ಹಾಗೇ ಇತ್ತು. ಮಗಳು ಈಗ ಬೆಳೆದವಳು. ಅದನ್ನು ನೋಡಿ ಕಣ್ಣರಳಿಸಿದಳು. ಇಂಥವನ್ನು ಜನ ಈಗ ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ ತರಿಸಿಕೊಳ್ಳುತ್ತಾರಂತೆ, ಹೊಸದು ಯಾವುದೂ ಇದರ ಹತ್ತಿರ ಬರುವುದಿಲ್ಲವಂತೆ. "ಮಮ್, ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆ ಮಧ್ಯಾಹ್ನ ಒಬ್ಬಳೇ ಕೂತು, ಖಾಲಿ ರೀಫಿಲ್ಲಿನ ಕೊಳವೆಯನ್ನು ಆ ಕಡ್ಡಿಗೆ ತೊಡಿಸಿ ಮೆಲ್ಲಗೆ ಎತ್ತಿದೆ. ನೆಟ್ಟಗಾಯಿತು. ಈಗಿನ ಕಂಪ್ಯೂಟರಿಗೆ ಹೊಂದುವಂತೆ ಅಡಾಪ್ಟರು ಹಾಕಿ ಒಂದು ಕೀ ಒತ್ತಿದೆ. ಟಕ್. ಅಕ್ಷರ ಬಂತು. ಇಷ್ಟು ವರ್ಷ ಕತ್ತಲಲ್ಲಿ ಬಿದ್ದಿದ್ದರೂ ಅದಕ್ಕೆ ಏನೂ ಆಗಿರಲಿಲ್ಲ. ಕುಂಕುಮ ಮೇಲೆ ಮಾತ್ರ ಇತ್ತು, ಒಳಗೆ ಒಂದು ಚಿಟಿಕೆಯೂ ಇಳಿದಿರಲಿಲ್ಲ. ನಾನು ಹಿಂದೆ ತಿರುಗಿ ನೋಡಿದೆ, ಸುಮಿತ್ರಕ್ಕ ಅಲ್ಲೇ ಕೂತಿದ್ದಾರೇನೋ ಎಂದು.

ಎಲ್ಲವನ್ನೂ ಹೇಳಿಬಿಡಬೇಕೆಂದೇ ಅದನ್ನು ಕಿಂಗ್ಸ್‌ಬರಿಗೆ ಒಯ್ದೆ. ದೇವರಾಣೆಗೂ ಹೇಳಬೇಕೆಂದೇ ಹೋದದ್ದು. ಅವರ ಬೆರಳು ಈಗ ಇನ್ನೂ ಹದಗೆಟ್ಟಿದೆ, ಅಂಗಿಯ ಗುಂಡಿಯನ್ನೂ ವಿದ್ಯಾ ಹಾಕಬೇಕು. ವಿದ್ಯಾ ಕೀಬೋರ್ಡನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಅಮ್ಮನನ್ನು ಕೂರಿಸಿದಳು. ಸುಮಿತ್ರಕ್ಕ ಒಂದು ಕೀ ಒತ್ತಿದರು. ಇನ್ನೊಂದು. ಆಮೇಲೆ ನಿಲ್ಲಲೇ ಇಲ್ಲ. ಧಾರವಾಡದ ಟೈಪಿಂಗ್ ಕ್ಲಾಸಿನಲ್ಲಿ ಕಲಿತ ಮೊದಲ ಪಾಠದ ಸಾಲನ್ನು, ತಲೆಯೆತ್ತಿ, ಕಣ್ಣು ಮುಚ್ಚಿ ಬಡಿಯುತ್ತ ಹೋದರು. ಪರದೆಯ ತುಂಬ ಅಕ್ಷರ, ಒಂದೂ ತಪ್ಪಿಲ್ಲ. ಮೊಮ್ಮಗಳು ಕಿವಿ ಮುಚ್ಚಿಕೊಂಡು, "ಅಜ್ಜೀ, ಇಟ್ಸ್ ಸೋ ಲೌಡ್!" ಎಂದಳು. "ಲೌಡ್ ಇದ್ರನ ನಿಮ್ಮಜ್ಜಿಗೆ ಬರೂದು," ಎಂದು ಅವರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಒದ್ದೆ ಕಣ್ಣಿನಲ್ಲಿ, ಸತ್ತ ಬೆರಳುಗಳಿಂದ ನನ್ನ ಕೆನ್ನೆ ಸವರಿದರು.

"ಎಲ್ಲೆ ರಿಪೇರಿ ಮಾಡಿಸಿದೆವಾ? ನನ್ನ ಸಲುವಾಗಿ ಎಷ್ಟು ತಿರಗಿದ್ಯೋ ಏನೋ. ನಿನ್ನ ಹೊಟ್ಟಿ ತಣ್ಣಗಿರಲಿ."

ನಾನು — ಆ ಹಾರೈಕೆಯನ್ನೂ ತೆಗೆದುಕೊಂಡೆ. ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದೆ. ಮೊದಲನೆಯ ತಪ್ಪನ್ನು ಮಾಡುವಾಗ ಸಣ್ಣ ವಯಸ್ಸು, ದಣಿವು ಎಂದಾದರೂ ಹೇಳಿಕೊಳ್ಳಬಹುದು. ಇದನ್ನು ಮಾಡುವಾಗ ನನಗೆ ಐವತ್ತು ಹತ್ತಿರ, ಹೊಟ್ಟೆ ತುಂಬ ಊಟ ಮಾಡಿದ್ದೆ, ಯಾವ ದಣಿವೂ ಇರಲಿಲ್ಲ.

ಇನ್ನು ಹೇಳಿ ಏನು ಪ್ರಯೋಜನ, ಅವರು ಸಂತೋಷವಾಗಿದ್ದಾರೆ, ಅದನ್ನು ಯಾಕೆ ಕೆಡಿಸಲಿ — ಹೀಗೆ ಎಷ್ಟು ಚೆನ್ನಾಗಿ ಸಮಾಧಾನ ಮಾಡಿಕೊಂಡಿದ್ದೆ. ಮೊನ್ನೆ ಅವರ ಫೋನು ಬಂತು.

"ಜಯಂತಿ, ಈ ಸಲ ಖಂಡೇಪೂಜಿ ನಮ್ಮಲ್ಲೇ. ಕೀಬೋರ್ಡ್ ಇಡ್ಲಿಕತ್ತೀನಿ. ಮನ್ಯಾಗ ಯಾವ ಸೂತಕಾನೂ ಇಲ್ಲ, ಊರಿಗೆ ಫೋನ್ ಮಾಡಿ ಕೇಳೀನಿ. ಆದ್ರೂ ಕುಂಕುಮ ನೀನ ಹಚ್ಚಬೇಕು. ನಾ ಹಚ್ಚಂಗಿಲ್ಲ. ನನ್ನ ಕೈ ಛಲೋ ಇಲ್ಲವಾ."

ನನ್ನ ಕೈ ಛಲೋ ಇಲ್ಲ. ಸಕ್ಕರೆ ಕಾಯಿಲೆಗಲ್ಲ ಅವರು ಹಾಗೆ ಅಂದದ್ದು. ಇಷ್ಟು ವರ್ಷ ಆ ಕೈಯಿಂದ ಅವರು ದೀಪಕ್ಕೆ ಎಣ್ಣೆ ಹಾಕುವಾಗಲೂ, ಮೊಮ್ಮಗಳಿಗೆ ಹಣೆಗಿಡುವಾಗಲೂ ಅದೇ ಯೋಚನೆ ಇದ್ದಿರಬೇಕು. ನಾನು ಅವರ ಕೆಲಸ ಕಳೆದೆ ಎಂದಷ್ಟೇ ಅಂದುಕೊಂಡಿದ್ದೆ.

ಭಾನುವಾರ ಜುಬಿಲಿ ಲೈನಿನ ರೈಲು ಹಿಡಿದು ಹೋಗುತ್ತೇನೆ. ಬಾಗಿಲಲ್ಲೇ ಅವರು ಕುಂಕುಮದ ಬಟ್ಟಲು ಹಿಡಿದು ಕಾಯುತ್ತಿರುತ್ತಾರೆ, ನನಗೆ ಗೊತ್ತು. ಅದನ್ನು ನಾನು ಕೈಗೆ ತೆಗೆದುಕೊಳ್ಳುವುದಿಲ್ಲ. ಸೆರಗಿನ ಪಿನ್ನಿನಿಂದ ಹಿಡಿದು ಬೀರುವಿನ ಹಿಂದಿನ ಚೀಲದವರೆಗೆ, ರಿಪೇರಿ ಎಂಬ ಸುಳ್ಳಿನವರೆಗೆ, ನಿಂತಲ್ಲೇ ಹೇಳುತ್ತೇನೆ. ಆಮೇಲೆ ಒಳಗೆ ಕರೆಯುವುದೂ ಬಾಗಿಲು ಹಾಕಿಕೊಳ್ಳುವುದೂ ಅವರಿಗೆ ಬಿಟ್ಟದ್ದು. ಬಾಗಿಲು ಹಾಕಿಕೊಂಡರೆ ಆ ಬಾಗಿಲಿನ ಈಚೆ ನಿಂತಿರುತ್ತೇನೆ. ಕೀಬೋರ್ಡಿಗೆ ಕುಂಕುಮ ಮಾತ್ರ ಅವರೇ ತಮ್ಮ ಕೈಯಿಂದ ಹಚ್ಚಲಿ.